ಕಿವಿಗೆ ತಕ್ಕ ಹೆಡ್‌ಫೋನ್: ಮೆಟಲ್ ಡಿಟೆಕ್ಟರ್‌ಗೆ ಆರಿಸುವುದು, ಕೈಯಾರೆ ಕಟ್ಟುವುದು

ಡಿಟೆಕ್ಟರ್ ಹಿಡಿದು ಒಂದೆರಡು ತಿಂಗಳು ನೆಲ ಜಾಲಾಡಿದವರಿಗೆ ಇದು ಗೊತ್ತಿರುತ್ತದೆ. ಮೇಲ್ಮಣ್ಣಿನಲ್ಲೇ ಬಿದ್ದಿರುವ ಬಾಟಲಿ ಮುಚ್ಚಳ ಕಿವಿ ಹರಿಯುವಂತೆ ಅರಚುತ್ತದೆ. ಒಂದು ಗೇಣು ಆಳದಲ್ಲಿರುವ ಹಳೇ ನಾಣ್ಯ ಮಾತ್ರ ಪಿಸುಗುಡುತ್ತದೆ. ಆ ಪಿಸುಮಾತು ಕೇಳಿಸಿದರೆ ಅಗೆಯುತ್ತೀರಿ. ಕೇಳಿಸದಿದ್ದರೆ ದಾಟಿ ಹೋಗುತ್ತೀರಿ, ದಾಟಿ ಹೋದದ್ದೂ ಗೊತ್ತಾಗುವುದಿಲ್ಲ.

ಆದರೂ ನಾವು ಯಾವ ಡಿಟೆಕ್ಟರ್ ಕೊಳ್ಳಬೇಕು ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ, ನೆಲದ ಮೇಲೆ ಆಡಿಸುವ ಕಾಯಿಲ್ ದುಂಡಗಿರಬೇಕೋ ಉದ್ದಗಿರಬೇಕೋ ಅಂತ ವಾದ ಮಾಡುತ್ತೇವೆ. ಹೆಡ್‌ಫೋನ್ ವಿಷಯ ಬಂದರೆ ಮಾತ್ರ ಡಬ್ಬಿಯಲ್ಲಿ ಬಂದದ್ದೇ ಸಾಕು! ಒಬ್ಬರ ಕಿವಿಯಂತೆ ಇನ್ನೊಬ್ಬರ ಕಿವಿ ಇರುವುದಿಲ್ಲ. ಒಬ್ಬರದೇ ಎರಡು ಕಿವಿಗಳೂ ಒಂದೇ ಥರ ಇರುವುದಿಲ್ಲ. ಹಾಗಾಗಿ ಇಲ್ಲಿ ಕೊಳ್ಳುವ ಮಾತು ಆಮೇಲೆ, ಬೆಸುಗೆ ಹಾಕುವ ಮಾತು ಇನ್ನೂ ಆಮೇಲೆ. ಮೊದಲು ಕಿವಿ ಅಳೆಯೋಣ.

ಮೊದಲು ನಿಮ್ಮ ಕಿವಿಯ ನಕ್ಷೆ

ಎಳೆಯ, ಆರೋಗ್ಯವಂತ ಕಿವಿಗೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಅಂತ ಶಾಲೆಯಲ್ಲಿ ಓದಿರುತ್ತೀರಿ. ವಯಸ್ಸಾಗುತ್ತಾ ಮೇಲಿನ ತುದಿ ಸವೆಯುತ್ತದೆ. ಯಂತ್ರಗಳ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದವರಿಗೆ 3000ದಿಂದ 6000 ಹರ್ಟ್ಸ್ ನಡುವೆ, ಅದರಲ್ಲೂ 4000ದ ಹತ್ತಿರ, ಒಂದು ಹಳ್ಳ ಬಿದ್ದಿರುತ್ತದೆ. ನಮಗೆ ಸಮಾಧಾನದ ವಿಷಯ ಅಂದರೆ ಡಿಟೆಕ್ಟರ್‌ಗಳ ಸದ್ದು ಅಷ್ಟು ಮೇಲಕ್ಕೆ ಹೋಗುವುದೇ ಕಡಿಮೆ. ಸಾಮಾನ್ಯವಾಗಿ ನೂರಿನ್ನೂರು ಹರ್ಟ್ಸ್‌ನಿಂದ ಸಾವಿರದ ಆಸುಪಾಸಿನಲ್ಲೇ ಎಲ್ಲಾ ಮುಗಿಯುತ್ತದೆ. ಕಬ್ಬಿಣಕ್ಕೆ ಗೊರಗುಡುವ ತಗ್ಗು ದನಿ, ಬೆಳ್ಳಿ ತಾಮ್ರಕ್ಕೆ ಏರು ದನಿ. ಹೆಡ್‌ಫೋನ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 20,000 ಹರ್ಟ್ಸ್ ನೋಡಿ ಮರುಳಾಗಬೇಡಿ. ಅದು ಹಾಡು ಕೇಳುವವರಿಗೆ.

ಕಿವಿಯ ಲೆಕ್ಕ ಸರಿಯಾಗಿ ಬೇಕೆಂದರೆ ಆಡಿಯೋಗ್ರಾಮ್ ಮಾಡಿಸಿಕೊಳ್ಳಿ. 250, 500, 1000, 2000, 4000, 8000 ಹರ್ಟ್ಸ್‌ಗಳಲ್ಲಿ ನಿಮಗೆ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಅಂತ ಅದರಲ್ಲಿ ಗುರುತು ಹಾಕಿಕೊಡುತ್ತಾರೆ. ಕೆಂಪು ಸೊನ್ನೆಗಳು ಬಲಗಿವಿಯವು, ನೀಲಿ ಗುಣಾಕಾರದ ಗುರುತುಗಳು ಎಡಗಿವಿಯವು. ಗೆರೆ ಕೆಳಗೆ ಇಳಿದಷ್ಟೂ ಕಿವಿ ಮಂದ. ಅಂಕಿ 20 ಡೆಸಿಬೆಲ್ ಒಳಗಿದ್ದರೆ ತಲೆಬಿಸಿ ಬೇಡ. ನಮ್ಮ ಕೆಲಸಕ್ಕೆ ಮೊದಲ ನಾಲ್ಕು ಅಂಕಣ ನೋಡಿದರೆ ಸಾಕು.

ಆಡಿಯೋಗ್ರಾಮ್ ಇಲ್ಲದಿದ್ದರೂ ಮನೆಯಲ್ಲೇ ಒಂದು ಕಚ್ಚಾ ನಕ್ಷೆ ಮಾಡಿಕೊಳ್ಳಬಹುದು. ಫ್ಯಾನ್ ಆಫ್ ಮಾಡಿ, ಬಾಗಿಲು ಮುಚ್ಚಿ, ಮನೆಯವರಿಗೆಲ್ಲಾ ಅರ್ಧ ಗಂಟೆ ಸುಮ್ನಿರಿ ಅಂತ ಹೇಳಿ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ತಂತಿ ಇರುವ ಯಾವುದಾದರೂ ಹೆಡ್‌ಫೋನ್ ಚುಚ್ಚಿ. 150, 250, 400, 600, 800, 1000, 1500, 2000 ಹರ್ಟ್ಸ್ ಒಂದೊಂದನ್ನೇ ಎಡಗಿವಿಗೆ ಮಾತ್ರ ಕೊಡಿ. ಸದ್ದು ಕೇಳಿಸದಂತಾಗುವವರೆಗೆ ವಾಲ್ಯೂಮ್ ಇಳಿಸಿ, ಆ ಮಟ್ಟ ಬರೆದುಕೊಳ್ಳಿ. ಆಮೇಲೆ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡು ಅದೇ ಡ್ರೈವರಿನಿಂದ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಬಲಗಿವಿಯನ್ನೂ ನೋಡಿ. ಹೀಗೆ ತಿರುಗಿಸದಿದ್ದರೆ ಹೆಡ್‌ಫೋನಿನ ಎರಡು ಬದಿಗಳ ವ್ಯತ್ಯಾಸವನ್ನು ಕಿವಿಯ ವ್ಯತ್ಯಾಸ ಅಂದುಕೊಂಡುಬಿಡುತ್ತೀರಿ.

ತಗ್ಗು ದನಿಗಳಿಗೆ ವಾಲ್ಯೂಮ್ ಜಾಸ್ತಿ ಬೇಕಾದರೆ ಗಾಬರಿ ಬೇಡ. ಎಲ್ಲರ ಕಿವಿಯೂ ಹಾಗೇ. ಸಾವಿರ ಹರ್ಟ್ಸ್‌ನ ಸದ್ದು ಕೇಳಿಸಿತು ಅನ್ನಲು ಎಷ್ಟು ಬೇಕೋ, 100 ಹರ್ಟ್ಸ್‌ಗೆ ಅದಕ್ಕಿಂತ ಸುಮಾರು 24 ಡೆಸಿಬೆಲ್ ಹೆಚ್ಚು ಬೇಕು. ನೀವು ಹುಡುಕಬೇಕಾದದ್ದು ಎರಡು: ಎಡಕ್ಕೂ ಬಲಕ್ಕೂ ಎಷ್ಟು ಅಂತರ, ಮತ್ತು ಯಾವ ದನಿಯಿಂದ ಮುಂದೆ ಗೆರೆ ದಿಢೀರ್ ಕುಸಿಯುತ್ತದೆ. ಈ ಪರೀಕ್ಷೆ ಮಾಡುವವರೆಗೆ ನನ್ನ ಎಡಗಿವಿ ಮಂದ ಅಂತ ನನಗೇ ಗೊತ್ತಿರಲಿಲ್ಲ. ಮಾತುಕತೆಯಲ್ಲಿ ಬಲಗಿವಿ ಅದರ ಪಾಲಿನ ಕೆಲಸವನ್ನೂ ಸೇರಿಸಿ ಮಾಡುತ್ತಿತ್ತು.

ಇದು ವೈದ್ಯಕೀಯ ಪರೀಕ್ಷೆ ಅಲ್ಲ, ಅಂದಾಜು ಅಷ್ಟೇ. ಒಂದು ಕಿವಿ ಇದ್ದಕ್ಕಿದ್ದ ಹಾಗೆ, ಒಂದೆರಡು ದಿನದಲ್ಲಿ ಮಂದವಾಗಿದ್ದರೆ ಈ ಲೇಖನ ಮಡಚಿಟ್ಟು ಕಿವಿ ಡಾಕ್ಟರ ಹತ್ತಿರ ಓಡಿ. ಅದಕ್ಕೆ ತಡ ಮಾಡುವ ಹಾಗಿಲ್ಲ.

ಕಾಸಿಲ್ಲದೆ ಆಗುವ ಕೆಲಸ: ಡಿಟೆಕ್ಟರನ್ನೇ ಕಿವಿಗೆ ಹೊಂದಿಸಿ

ಈಗಿನ ಬಹಳಷ್ಟು ಡಿಟೆಕ್ಟರ್‌ಗಳಲ್ಲಿ ಟೋನ್ ಬದಲಿಸಬಹುದು. ನಿಮಗೆ 800ರ ಮೇಲೆ ಮಂದವಾದರೆ, ಒಳ್ಳೆ ಲೋಹದ ದನಿಯನ್ನು 600ಕ್ಕೆ ಇಳಿಸಿ, ಕಬ್ಬಿಣದ್ದನ್ನು 150ಕ್ಕೆ ತಳ್ಳಿ. ಎರಡರ ನಡುವೆ ಅಂತರ ಇದ್ದರೆ ಸಾಕು. ನಮ್ಮ ಕಿವಿ ದನಿಯ ಏರಿಳಿತ ಹಿಡಿಯುವುದರಲ್ಲಿ ಬಹಳ ಚುರುಕು, ಜೋರು-ಮೆಲ್ಲಗೆ ವ್ಯತ್ಯಾಸ ಹಿಡಿಯುವುದರಲ್ಲಿ ಅಷ್ಟಿಲ್ಲ. ಸಾವಿರ ಹರ್ಟ್ಸ್ ಸುತ್ತ ಮೂರ್ನಾಲ್ಕು ಹರ್ಟ್ಸ್ ಬದಲಾದರೂ ಒಳ್ಳೆ ಕಿವಿ ಹಿಡಿಯುತ್ತದೆ. ಸದ್ದಿನ ಮಟ್ಟ ಮಾತ್ರ ಸುಮಾರು ಒಂದು ಡೆಸಿಬೆಲ್ ಆದರೂ ಬದಲಾಗಬೇಕು.

ಆಮೇಲೆ ಥ್ರೆಶೋಲ್ಡ್. ಏನೂ ಸಿಗದಾಗಲೂ ಡಿಟೆಕ್ಟರ್ ಗುಂಯ್ ಅನ್ನುತ್ತಿರುತ್ತದಲ್ಲ, ಅದು. ಆಳದ ವಸ್ತು ಎಷ್ಟೋ ಸಲ ಪೂರ್ತಿ ಬೀಪ್ ಕೊಡುವುದಿಲ್ಲ. ಆ ಗುಂಯ್ ಸದ್ದು ಒಂದು ಕ್ಷಣ ನಡುಗುತ್ತದೆ ಅಥವಾ ನಿಲ್ಲುತ್ತದೆ, ಅಷ್ಟೇ. ಹಾಗಾಗಿ ಥ್ರೆಶೋಲ್ಡ್ ದನಿ ನಿಮ್ಮ ನಕ್ಷೆಯಲ್ಲಿ ಅತಿ ಚುರುಕಾಗಿರುವ ಜಾಗದಲ್ಲೇ ಕೂರಬೇಕು. ಮಟ್ಟ ಎಷ್ಟಿರಬೇಕು? ಸೊಳ್ಳೆ ಪಕ್ಕದ ಕೋಣೆಯಲ್ಲಿದೆಯೇನೋ ಅನ್ನುವಷ್ಟು. ಕಿವಿಯಲ್ಲಿ ಸದಾ ಕುಂಯ್‌ಗುಡುವ ತೊಂದರೆ ಇರುವವರು ಥ್ರೆಶೋಲ್ಡನ್ನು ಆ ದನಿಯಿಂದ ದೂರ ಇಡಿ. ಎರಡೂ ಒಂದೇ ಕಡೆ ಬಂದರೆ ಯಾವುದು ಯಂತ್ರ, ಯಾವುದು ಕಿವಿ ಅಂತ ಗೊತ್ತಾಗದೆ ಸುಸ್ತಾಗುತ್ತದೆ.

ಹೀಗೆ ಕಿವಿಗೊಟ್ಟು ಲೋಹ ಹುಡುಕುವುದು ಬಹಳ ಹಳೇ ಕಸುಬು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಮೈಯೊಳಗೆ ಸಿಕ್ಕಿಕೊಂಡಿದ್ದ ಗುಂಡು ಹುಡುಕಲು ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಯಂತ್ರ ತಂದಿದ್ದರು. ಪತ್ತೆಯಾದದ್ದನ್ನು ತಿಳಿಯಲು ಅವರು ಟೆಲಿಫೋನ್ ರಿಸೀವರ್ ಕಿವಿಗೊತ್ತಿಕೊಂಡು ಆಲಿಸಬೇಕಿತ್ತು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗ್‌ಗಳು ಸದ್ದು ಕೆಡಿಸಿದವು ಅನ್ನುತ್ತಾರೆ. ಕಸದ ಕಬ್ಬಿಣದ ಕಾಟ ಬೆಲ್ ಅವರನ್ನೂ ಬಿಟ್ಟಿಲ್ಲ ನೋಡಿ.

ಕೊಳ್ಳುವಾಗ ಏನು ನೋಡಬೇಕು

ಕಿವಿಯನ್ನು ಪೂರ್ತಿ ಸುತ್ತಿ ಮುಚ್ಚುವ, ಹಿಂಬದಿ ಮುಚ್ಚಿರುವ ಹೆಡ್‌ಫೋನೇ ಬೇಕು. ಗಾಳಿ ಬೀಸುವ ಬಯಲಿನಲ್ಲಿ, ಸಮುದ್ರದ ಅಲೆಗಳ ಪಕ್ಕದಲ್ಲಿ, ಹೊರಗಿನ ಸದ್ದು ತಡೆದಷ್ಟೂ ಡಿಟೆಕ್ಟರಿನ ವಾಲ್ಯೂಮ್ ಕಡಿಮೆ ಇಡಬಹುದು, ಕಿವಿಯೂ ಉಳಿಯುತ್ತದೆ. ಕನ್ನಡಕ ಹಾಕುವವರು ಕುಶನ್ ಮೆತ್ತಗಿದೆಯೇ ನೋಡಿ. ಕನ್ನಡಕದ ಕಡ್ಡಿ ಕುಶನ್ನನ್ನು ಎತ್ತಿ ಹಿಡಿದರೆ ಆ ಸಂದಿಯಿಂದ ಗಾಳಿಯ ಸದ್ದು ನುಗ್ಗುತ್ತದೆ. ಜೆಲ್ ಕುಶನ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಪೂರ್ತಿ ಮುಚ್ಚಿದರೆ ಹಿಂದಿನಿಂದ ಬರುವ ವಾಹನ, ದನ, ಮನುಷ್ಯ ಯಾವುದೂ ಕೇಳಿಸುವುದಿಲ್ಲ. ಅಂಥ ಜಾಗದಲ್ಲಿ ಒಂದು ಕಿವಿ ಹೊರಗಿಟ್ಟುಕೊಳ್ಳಿ. ಯಾವುದನ್ನು ಹೊರಗಿಡಬೇಕು ಅಂತ ನಕ್ಷೆಯೇ ಹೇಳುತ್ತದೆ, ಮಂದ ಇರುವುದನ್ನು.

ಎರಡು ಕಿವಿಗೂ ಬೇರೆ ಬೇರೆ ವಾಲ್ಯೂಮ್ ಗುಂಡಿ ಇರಲೇಬೇಕು. ಇದು ಶೋಕಿ ಅಲ್ಲ. ಎರಡು ಕಿವಿಗಳ ನಡುವೆ ಹತ್ತು ಡೆಸಿಬೆಲ್ ಅಂತರ ಇದ್ದವರು ಒಂದೇ ಗುಂಡಿಯಲ್ಲಿ ಹೊಂದಿಸಲು ಹೋದರೆ ಒಳ್ಳೆ ಕಿವಿಗೆ ಏಟು, ಮಂದ ಕಿವಿಗೆ ಮೌನ.

ಇಂಪೀಡೆನ್ಸ್, ಅಂದರೆ ಡ್ರೈವರ್ ವಿದ್ಯುತ್ತಿಗೆ ಒಡ್ಡುವ ತಡೆ, ಅದರ ಬಗ್ಗೆ ಗೊಂದಲ ಜಾಸ್ತಿ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಹಾಡಿನ ಹೆಡ್‌ಫೋನ್‌ಗಳು ಸಾಮಾನ್ಯವಾಗಿ 16ರಿಂದ 32 ಓಮ್. ಡಿಟೆಕ್ಟರ್‌ಗೆಂದೇ ಮಾಡಿದವು ಹೆಚ್ಚಾಗಿ 100ರಿಂದ 150 ಓಮ್. ಓಮ್ ಹೆಚ್ಚಾದರೆ ಆಳ ಹೆಚ್ಚು ಸಿಗುತ್ತದೆ ಅನ್ನುವುದು ಬರೀ ಕಥೆ. ಒಂದು ವೋಲ್ಟ್ ಕೊಟ್ಟರೆ 32 ಓಮ್ ಡ್ರೈವರ್ ಸುಮಾರು 31 ಮಿಲಿವ್ಯಾಟ್ ಎಳೆಯುತ್ತದೆ, 150 ಓಮ್‌ನದು 7 ಮಿಲಿವ್ಯಾಟ್ ಕೂಡ ಎಳೆಯುವುದಿಲ್ಲ. ಒಂದು ಮಿಲಿವ್ಯಾಟ್‌ಗೆ ಎರಡೂ ಒಂದೇ ಮಟ್ಟದ ಸದ್ದು ಕೊಡುವುದಾದರೆ 150 ಓಮ್‌ನದು ಸುಮಾರು 7 ಡೆಸಿಬೆಲ್ ಮೆಲ್ಲಗಿರುತ್ತದೆ. ಹಾಗಾದರೆ ದೊಡ್ಡ ಓಮ್ ಯಾಕೆ? ಡಿಟೆಕ್ಟರಿನ ಆಂಪ್ಲಿಫೈಯರ್ ಮೇಲೆ ಹೊರೆ ಕಡಿಮೆ, ಬ್ಯಾಟರಿಯೂ ಉಳಿಯುತ್ತದೆ. ಮುಖ್ಯವಾಗಿ, ಆಂಪ್ಲಿಫೈಯರ್ ತನ್ನದೇ ಆದ ಸಣ್ಣ ಸುಯ್ ಸದ್ದು ಮಾಡುತ್ತಿದ್ದರೆ ಅದೂ ಕೆಳಗಿಳಿಯುತ್ತದೆ. ಕಿವಿ ಸಾಕಷ್ಟು ಮಂದ ಇರುವವರಿಗೆ, ಡಿಟೆಕ್ಟರಿನ ವಾಲ್ಯೂಮೂ ಸಾಲದೆ ಬಂದರೆ, 32ರಿಂದ 64 ಓಮ್‌ನದೇ ಮೇಲು. ಚುರುಕು ಕಿವಿಯವರಿಗೆ 100ರ ಮೇಲಿನದು. ಓಮ್ ಜೊತೆಗೆ, ಒಂದು ಮಿಲಿವ್ಯಾಟ್‌ಗೆ ಎಷ್ಟು ಸದ್ದು ಅಂತ ಹೇಳುವ ಸೆನ್ಸಿಟಿವಿಟಿ ಅನ್ನುವ ಡೆಸಿಬೆಲ್ ಅಂಕಿಯನ್ನೂ ನೋಡಿ, ಒಂದನ್ನೇ ನೋಡಿ ತೀರ್ಮಾನಿಸಬೇಡಿ.

ತಂತಿ ಇಲ್ಲದ್ದು ಬೇಕೆನಿಸುವುದು ಸಹಜ. ಕಾಡುಗಿಡದಲ್ಲಿ ತಂತಿ ಸಿಕ್ಕಿಕೊಂಡು ತಲೆಯಿಂದ ಹೆಡ್‌ಫೋನ್ ಹಾರಿಹೋದವರಿಗೆ ಅದರ ಬೆಲೆ ಗೊತ್ತು. ಆದರೆ ಸಾಮಾನ್ಯ ಬ್ಲೂಟೂತ್‌ನಲ್ಲಿ ಸದ್ದು 150ರಿಂದ 250 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಕಾಯಿಲನ್ನು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬೀಸುತ್ತೀರಿ ಅಂದುಕೊಳ್ಳಿ. 200 ಮಿಲಿಸೆಕೆಂಡ್‌ನಲ್ಲಿ ಅದು 20 ಸೆಂಟಿಮೀಟರ್ ದಾಟಿ ಹೋಗಿರುತ್ತದೆ. ಬೀಪ್ ಕೇಳಿಸಿದಾಗ ನಾಣ್ಯ ಹಿಂದೆಲ್ಲೋ ಉಳಿದಿರುತ್ತದೆ. ತಡ ಕಡಿಮೆ ಮಾಡಲೆಂದೇ ಮಾಡಿದ ಬ್ಲೂಟೂತ್ ಬಗೆಯಾದ ಆಪ್ಟ್‌ಎಕ್ಸ್ ಲೋ ಲೇಟೆನ್ಸಿಯಲ್ಲಿ ಸುಮಾರು 40 ಮಿಲಿಸೆಕೆಂಡ್, ಅಂದರೆ 4 ಸೆಂಟಿಮೀಟರ್. ಡಿಟೆಕ್ಟರ್ ಕಂಪನಿಗಳಾದ ಮೈನ್‌ಲ್ಯಾಬ್‌ನ ವೈ-ಸ್ಟ್ರೀಮ್, ಗ್ಯಾರೆಟ್‌ನ ಝೆಡ್-ಲಿಂಕ್ ಥರದ ಸ್ವಂತ ವ್ಯವಸ್ಥೆಗಳು ಸುಮಾರು 17 ಮಿಲಿಸೆಕೆಂಡ್‌ನವು, ಎರಡು ಸೆಂಟಿಮೀಟರ್ ಒಳಗೇ ಮುಗಿಯುತ್ತದೆ. ತಂತಿ ಬೇಡವೆಂದರೆ ಇಂಥದ್ದನ್ನೇ ನೋಡಿ. ಹಾಡಿಗೆಂದು ಮಾಡಿದ ಕೆಲವು ವೈರ್‌ಲೆಸ್ ಹೆಡ್‌ಫೋನ್‌ಗಳಿಗೆ ಇನ್ನೊಂದು ಚಾಳಿ ಇದೆ. ಸದ್ದು ತೀರಾ ಸಣ್ಣದಾದರೆ ಏನೂ ಇಲ್ಲ ಅಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತವೆ. ನಮಗೆ ಬೇಕಾದದ್ದೇ ಆ ತೀರಾ ಸಣ್ಣ ಸದ್ದು, ಅಲ್ವಾ?

ಶ್ರವಣ ಸಾಧನ ಹಾಕುವವರಿಗೆ

ಇದರ ಬಗ್ಗೆ ಬರೆಯುವವರು ಕಡಿಮೆ, ಪೇಚಾಡುವವರು ಜಾಸ್ತಿ. ಕಿವಿಗೆ ಹಾಕುವ ಯಂತ್ರ ಮಾತು ಕೇಳಿಸಲೆಂದು ಮಾಡಿದ್ದು. ಒಂದೇ ಸಮನೆ ಬರುವ ಗುಂಯ್ ಸದ್ದನ್ನು ಅದು ಗದ್ದಲ ಅಂದುಕೊಂಡು ಅಡಗಿಸುತ್ತದೆ. ಶುದ್ಧವಾದ ಬೀಪ್ ಬಂದರೆ ತನ್ನದೇ ಸಿಳ್ಳೆ ಅಂದುಕೊಂಡು ಅದನ್ನೂ ಕತ್ತರಿಸಲು ಹೋಗುತ್ತದೆ. ದನಿ ನಡುಗಿದಂತೆ, ಒಡೆದಂತೆ ಕೇಳಿಸುತ್ತದೆ. ಡಿಟೆಕ್ಟರ್ ಕೆಟ್ಟಿದೆ ಅಂತ ಅದನ್ನು ರಿಪೇರಿಗೆ ಕೊಡುವ ಮೊದಲು ನಿಮ್ಮ ಆಡಿಯಾಲಜಿಸ್ಟ್ ಹತ್ತಿರ ಹೋಗಿ, ಸಂಗೀತ ಕೇಳಲು ಇಡುವಂಥ ಇನ್ನೊಂದು ಪ್ರೋಗ್ರಾಂ ಹಾಕಿಕೊಡಿ ಅನ್ನಿ. ಅದರಲ್ಲಿ ಗದ್ದಲ ತಡೆಯುವುದನ್ನೂ ಸಿಳ್ಳೆ ತಡೆಯುವುದನ್ನೂ ತಗ್ಗಿಸಿಡುತ್ತಾರೆ. ಡಿಟೆಕ್ಟರನ್ನೂ ಹೆಡ್‌ಫೋನನ್ನೂ ಜೊತೆಗೇ ಒಯ್ದು ಅಲ್ಲೇ ಕೇಳಿಸಿಕೊಂಡು ನೋಡುವುದು ಇನ್ನೂ ಒಳ್ಳೆಯದು.

ಮೇಲೆ ಹೆಡ್‌ಫೋನ್ ಮುಚ್ಚಿದಾಗ ಸಿಳ್ಳೆ ಬಂದರೆ ಕಪ್ ಸಣ್ಣದಾಯಿತು ಅಂತ ಅರ್ಥ. ಒಳಗೆ ಜಾಗ ಇರುವ, ಆಳವಾದ ಕಪ್ ಬೇಕು. ಇಲ್ಲವೇ ಯಂತ್ರ ತೆಗೆದಿಟ್ಟು, ಟೋನ್‌ಗಳನ್ನು ನಿಮಗೆ ಕೇಳಿಸುವ ಜಾಗಕ್ಕೆ ಇಳಿಸಿ, ಹೆಡ್‌ಫೋನ್ ಒಂದರಲ್ಲೇ ಕೆಲಸ ಸಾಗುತ್ತದೆಯೇ ನೋಡಿ. ತಗ್ಗು ದನಿ ಚೆನ್ನಾಗಿ ಕೇಳಿಸುವ ಎಷ್ಟೋ ಜನರಿಗೆ ಇದೇ ಸಾಕಾಗುತ್ತದೆ.

ಮೂಳೆಯ ಮೂಲಕ ಸದ್ದು ಕಳಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್‌ಗಳು ಹೊರಗಿವಿ, ನಡುಗಿವಿಯ ತೊಂದರೆ ಇರುವವರಿಗೆ ನಿಜಕ್ಕೂ ಉಪಯೋಗ. ಒಳಗಿವಿಯ ನರವೇ ಸೋತಿದ್ದರೆ ಅದರಿಂದ ಲಾಭವಿಲ್ಲ. ಯಾವ ತೊಂದರೆ ಅಂತ ಆಡಿಯೋಗ್ರಾಮ್ ಮಾಡಿದವರು ಹೇಳುತ್ತಾರೆ.

ಈಗ ಕಟ್ಟೋಣ

ಯೋಜನೆ ಸರಳ. ಕಾರ್ಖಾನೆಗಳಲ್ಲಿ ಸದ್ದು ತಡೆಯಲು ಹಾಕುವ ಇಯರ್‌ಮಫ್ ಒಳಗೆ ಎರಡು ಡ್ರೈವರ್ ಕೂರಿಸುವುದು. ಒಳ್ಳೆಯ ಇಯರ್‌ಮಫ್ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯುತ್ತದೆ. ಬರೀ ಹಾಡಿಗೆಂದು ಮಾಡಿದವು ಅಷ್ಟು ತಡೆಯುವುದು ಕಷ್ಟ. ಡ್ರೈವರ್‌ಗಳನ್ನು ಹಳೇ ಹೆಡ್‌ಫೋನಿನಿಂದ ಬಿಚ್ಚಿಕೊಳ್ಳಿ. ಕಾಸ್ ಕಂಪನಿಯ ಪೋರ್ಟಾ ಪ್ರೋ, ಕೆಎಸ್‌ಸಿ75 ಥರದವುಗಳ ಡ್ರೈವರ್ 60 ಓಮ್‌ನವು, ಈ ಕೆಲಸಕ್ಕೆ ಹಿತವಾದ ಅಳತೆ. ಎರಡೂ ಬದಿಗೆ ಒಂದೇ ಮಾದರಿಯದು ಇರಲಿ.

ಇವುಗಳ ಜೊತೆಗೆ ಬೇಕಾದದ್ದು: ಒಂದು ಕಿಲೋಓಮ್‌ನ ಸಣ್ಣ ವಾಲ್ಯೂಮ್ ಪಾಟ್ (ತಿರುಗಿಸಿದಂತೆ ತಡೆ ಬದಲಾಗುವ ಗುಂಡಿ) ಎರಡು, 47 ಓಮ್ ರೆಸಿಸ್ಟರ್ ಒಂದು, 1ಎನ್4148 ಡಯೋಡ್ ಎರಡು, ಬಳುಕುವ ಒಳ್ಳೆ ತಂತಿ, ಡಿಟೆಕ್ಟರಿಗೆ ಹೊಂದುವ ಪ್ಲಗ್. ಬೆಸುಗೆಯ ಸಾಮಾನು, ಮಲ್ಟಿಮೀಟರ್, ಹೀಟ್ ಶ್ರಿಂಕ್ ಕೊಳವೆ, ಬಿಸಿ ಅಂಟು.

ಮೊದಲು ಪ್ಲಗ್ ವಿಷಯ ಬಗೆಹರಿಸಿಕೊಳ್ಳಿ. ಡಿಟೆಕ್ಟರಿನ ತೂತು 6.35 ಮಿಲಿಮೀಟರಿನದೋ 3.5ರದೋ ನೋಡಿ. ಮೂರು ಭಾಗದ ಸ್ಟೀರಿಯೋ ಪ್ಲಗ್ ತಗೊಳ್ಳಿ. ತುದಿ ಟಿಪ್, ನಡುವಿನದು ರಿಂಗ್, ಬುಡ ಸ್ಲೀವ್. ಸ್ಟೀರಿಯೋ ಹೆಡ್‌ಫೋನನ್ನು ಎರಡು ಕಿವಿಗೂ ಒಂದೇ ಸದ್ದು ಕೊಡುವ ಮೋನೋ ಡಿಟೆಕ್ಟರಿಗೆ ಚುಚ್ಚಿದಾಗ ಒಂದೇ ಕಿವಿಯಲ್ಲಿ ಕೇಳಿಸುವುದು ಗೊತ್ತಲ್ಲ? ರಿಂಗ್‌ಗೆ ಅಲ್ಲಿ ಏನೂ ಸಿಗುವುದಿಲ್ಲ, ಅದಕ್ಕೆ. ಇದಕ್ಕೆ ಟಿಪ್ ಮತ್ತು ರಿಂಗ್ ಎರಡನ್ನೂ ಸೇರಿಸಿ ಬೆಸೆಯುವವರಿದ್ದಾರೆ. ಕೆಲವು ಮೋನೋ ಜ್ಯಾಕ್‌ಗಳಲ್ಲಿ ರಿಂಗ್ ಹೋಗಿ ಸ್ಲೀವ್‌ಗೆ ತಾಗುತ್ತದೆ, ಆಗ ಇಡೀ ಸಿಗ್ನಲ್ಲೇ ಶಾರ್ಟ್. ಅದರ ಬದಲು ಎರಡು ಕಿವಿಯನ್ನೂ ಟಿಪ್‌ಗೇ ಜೋಡಿಸಿ, ರಿಂಗ್‌ಗೆ ಏನನ್ನೂ ಜೋಡಿಸಬೇಡಿ. ಮೋನೋ ಜ್ಯಾಕಿಗೂ ಸ್ಟೀರಿಯೋ ಜ್ಯಾಕಿಗೂ ಅದೇ ಪ್ಲಗ್ ನಡೆಯುತ್ತದೆ. ಒಂದೇ ವಿಷಯ, ಎರಡು ಡ್ರೈವರ್ ಪಕ್ಕಪಕ್ಕ ಸೇರಿದಾಗ ಇಂಪೀಡೆನ್ಸ್ ಅರ್ಧವಾಗುತ್ತದೆ. 60ರ ಎರಡು ಸೇರಿ 30 ಓಮ್, 32ರ ಎರಡು ಸೇರಿ 16. ನಿಮ್ಮ ಡಿಟೆಕ್ಟರ್ ಕೈಪಿಡಿಯಲ್ಲಿ ಕನಿಷ್ಠ ಎಷ್ಟು ಓಮ್ ಇರಬೇಕು ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಹೋಗಬೇಡಿ.

ಇನ್ನು ಕಪ್ ಕೆಲಸ. ಇಯರ್‌ಮಫ್‌ನ ಕುಶನ್ ಎಳೆದು ಬಿಚ್ಚಿ, ಒಳಗಿನ ಸ್ಪಂಜು ತೆಗೆದಿಡಿ. ಎಸೆಯಬೇಡಿ. ಗಟ್ಟಿ ಫೋಮ್ ಹಾಳೆಯಲ್ಲೋ ತೆಳು ಪ್ಲೈವುಡ್‌ನಲ್ಲೋ ಕಪ್ಪಿನ ಒಳ ಅಳತೆಗೆ ಒಂದು ಬಿಲ್ಲೆ ಕತ್ತರಿಸಿ, ನಡುವೆ ಡ್ರೈವರ್ ಅಳತೆಯ ತೂತು ಮಾಡಿ, ಡ್ರೈವರನ್ನು ಅಂಟಿಸಿ. ಅಂಟು ಡ್ರೈವರಿನ ತೆಳು ಪರದೆಗೆ ತಾಗದಂತೆ ಅಂಚಿಗೆ ಮಾತ್ರ ಹಾಕಿ. ತೆಗೆದಿಟ್ಟ ಸ್ಪಂಜು ಬಿಲ್ಲೆಯ ಹಿಂದೆ ಹೋಗಲಿ, ಒಂದು ತೆಳು ಪದರ ಮುಂದೆಯೂ ಇರಲಿ. ಪಾಟ್‌ಗೂ ತಂತಿಗೂ ಕಪ್ಪಿನ ಕೆಳಭಾಗದಲ್ಲಿ ತೂತು ಕೊರೆದು, ಕೆಲಸ ಮುಗಿದ ಮೇಲೆ ಸಂದಿಗಳನ್ನೆಲ್ಲಾ ಬಿಸಿ ಅಂಟಿನಿಂದ ಮುಚ್ಚಿ. ಸೂಜಿಯಷ್ಟು ತೂತು ಉಳಿದರೂ ಗಾಳಿ ಅದರಲ್ಲಿ ಕೊಳಲೂದುತ್ತದೆ. ಒಮ್ಮೆ ಕೊರೆದ ಇಯರ್‌ಮಫ್ ಮತ್ತೆ ಯಂತ್ರದ ಕೆಲಸಕ್ಕೆ ಕಿವಿ ಕಾಯಲು ಬಳಸುವಂಥದ್ದಲ್ಲ, ನೆನಪಿರಲಿ.

ತಂತಿ ಜೋಡಣೆ ಹೀಗೆ. ಟಿಪ್‌ನಿಂದ ಬಂದ ತಂತಿ ಮೊದಲು 47 ಓಮ್ ರೆಸಿಸ್ಟರಿಗೆ. ರೆಸಿಸ್ಟರಿನ ಆಚೆ ತುದಿಯಿಂದ ಸ್ಲೀವ್‌ಗೆ ಎರಡು ಡಯೋಡ್, ಒಂದರ ಮುಖ ಆ ಕಡೆ, ಇನ್ನೊಂದರದು ಈ ಕಡೆ. ಅದೇ ಆಚೆ ತುದಿಯಿಂದ ಎರಡು ಕವಲು, ಒಂದು ಎಡ ಪಾಟ್‌ಗೆ, ಒಂದು ಬಲ ಪಾಟ್‌ಗೆ. ಪಾಟ್‌ನಿಂದ ಡ್ರೈವರಿನ ಧನ ತುದಿಗೆ. ಎರಡು ಡ್ರೈವರಿನ ಋಣ ತುದಿಗಳೂ ಸ್ಲೀವ್‌ಗೆ. ಧನ, ಋಣ ಅದಲುಬದಲಾದರೆ ಸದ್ದು ತಲೆಯ ನಡುವೆ ಕೂರದೆ ಎಲ್ಲೋ ಹರಡಿಕೊಂಡಂತೆ ಕೇಳಿಸುತ್ತದೆ. ಹಾಗೆನಿಸಿದರೆ ಒಂದು ಬದಿಯ ತಂತಿ ತಿರುಗಿಸಿ ಬೆಸೆಯಿರಿ.

ಡಯೋಡ್ ಯಾಕೆ? ಕಾಯಿಲನ್ನು ಗೊತ್ತಿಲ್ಲದೆ ನೇಗಿಲ ಗುಳದ ಮೇಲೆ ಒಯ್ದಾಗ ಕಿವಿಗೆ ಸಿಡಿಲು ಬಡಿಯದಿರಲಿ ಅಂತ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ದಾಟಿದ ತಕ್ಷಣ ಮಿಕ್ಕಿದ್ದನ್ನು ಸ್ಲೀವ್‌ಗೆ ಹರಿಸಿಬಿಡುತ್ತದೆ. ಸಣ್ಣ ಸದ್ದು ಅದನ್ನು ಮುಟ್ಟದೆ ದಾಟುತ್ತದೆ. ಹಾಗಂತ ಡಯೋಡ್ ಹಾಕಿದ ಮೇಲೆ ಹೆದರಿಕೆಯೇ ಇಲ್ಲ ಅಂದುಕೊಳ್ಳಬೇಡಿ. ಚುರುಕಾದ ಡ್ರೈವರಿಗೆ 0.6 ವೋಲ್ಟ್ ಕೊಟ್ಟರೂ 105 ಡೆಸಿಬೆಲ್ ಮುಟ್ಟಬಹುದು. ಅದಕ್ಕೇ ಪಾಟ್ ಡಯೋಡ್‌ನ ಆಚೆ ಇರುವುದು. ಕಟ್ಟು ಹಾಕಿದ ಸದ್ದನ್ನು ಇನ್ನಷ್ಟು ಇಳಿಸಲು ಅದು ಬೇಕು. ಇನ್ನೂ ಬಿಗಿ ಕಟ್ಟು ಬೇಕೆಂದರೆ ಶಾಟ್ಕಿ ಡಯೋಡ್ ಹಾಕಿ, ಅದು ಸುಮಾರು 0.3 ವೋಲ್ಟ್‌ಗೇ ತಡೆಯುತ್ತದೆ. ಇದರಿಂದ ನಷ್ಟವೂ ಇದೆ. ಮೇಲ್ಮಣ್ಣಿನ ಸಣ್ಣ ಉಂಗುರಕ್ಕೂ ದೊಡ್ಡ ಡಬ್ಬಕ್ಕೂ ಸದ್ದಿನ ಜೋರಿನಲ್ಲಿ ವ್ಯತ್ಯಾಸ ಉಳಿಯುವುದಿಲ್ಲ. 47 ಓಮ್ ರೆಸಿಸ್ಟರ್ ಕೂಡ ತನ್ನ ಪಾಲು ಸದ್ದು ನುಂಗುತ್ತದೆ. ಡಿಟೆಕ್ಟರಿನಲ್ಲೇ ಗರಿಷ್ಠ ಸದ್ದಿಗೆ ಕಡಿವಾಣ ಇದ್ದರೆ ರೆಸಿಸ್ಟರ್, ಡಯೋಡ್ ಎರಡನ್ನೂ ಬಿಟ್ಟುಬಿಡಿ.

ಪಾಟ್ ವಿಷಯದಲ್ಲಿ ಒಂದು ಕಿರಿಕಿರಿ. ಹೊರಮೈ ಮೇಲೆ ಎ ಅಂತ ಬರೆದಿರುವುದು ಲಾಗ್ ಪಾಟ್ (ತಡೆ ಮೊದಲು ನಿಧಾನ, ಕೊನೆಗೆ ಬೇಗ ಏರುವಂಥದ್ದು), ಬಿ ಅಂದರೆ ಲೀನಿಯರ್ (ಒಂದೇ ಸಮ ಏರುವಂಥದ್ದು). ಎ ತಗೊಳ್ಳಿ. ಒಂದನೇ ಕಾಲು ಮತ್ತು ನಡುವಿನ ಕಾಲು ಬಳಸಿ, ಮೂರನೇ ಕಾಲನ್ನು ನಡುವಿನದಕ್ಕೇ ಸೇರಿಸಿಬಿಡಿ. ಆಗ ಧೂಳು ಕೂತು ಪಾಟ್ ಕರಕರ ಅಂದರೂ ಸದ್ದು ಪೂರ್ತಿ ಕಡಿಯುವುದಿಲ್ಲ. ಆದರೆ ಗುಂಡಿ ಉಲ್ಟಾ ಕೆಲಸ ಮಾಡುತ್ತದೆ, ಎಡಕ್ಕೆ ತಿರುಗಿಸಿದರೆ ಜೋರು, ಬಲಕ್ಕೆ ಮೆಲ್ಲಗೆ. ನೇರ ಮಾಡಲು ಹೋದರೆ ಸದ್ದೆಲ್ಲಾ ಕೊನೆಯ ಒಂದಿಂಚು ತಿರುವಿನಲ್ಲೇ ಏರಿಬಿಡುತ್ತದೆ. ನಾನು ಉಲ್ಟಾವನ್ನೇ ರೂಢಿ ಮಾಡಿಕೊಂಡಿದ್ದೇನೆ. ಒಂದು ಕಿಲೋಓಮ್ ಪಾಟ್ 60 ಓಮ್ ಡ್ರೈವರಿನ ಸದ್ದನ್ನು ಸುಮಾರು 25 ಡೆಸಿಬೆಲ್ ಇಳಿಸಬಲ್ಲದು, ಅದು ಧಾರಾಳ ಸಾಕು.

ಗಮನಿಸಿ, ಪಾಟ್ ಇಳಿಸುತ್ತದೆ ಅಷ್ಟೇ, ಏರಿಸುವುದಿಲ್ಲ. ಮಂದ ಕಿವಿಯ ಗುಂಡಿ ಪೂರ್ತಿ ಬಿಟ್ಟು, ಡಿಟೆಕ್ಟರಿನ ವಾಲ್ಯೂಮ್ ಆ ಕಿವಿಗೆ ಸರಿಹೊಂದುವಂತೆ ಏರಿಸಿ, ಆಮೇಲೆ ಚುರುಕು ಕಿವಿಯನ್ನು ಇಳಿಸಿಕೊಳ್ಳಿ. ಥ್ರೆಶೋಲ್ಡ್ ತಲೆಯ ಸರಿ ಮಧ್ಯದಲ್ಲಿ ಕೂತಂತೆ ಕೇಳಿಸಿದರೆ ಎರಡೂ ಹೊಂದಿವೆ.

ಡಿಟೆಕ್ಟರಿನಲ್ಲಿ ಟೋನ್ ಬದಲಿಸಲು ಬಾರದಿದ್ದರೆ, ಏರು ದನಿ ಮಂದ ಇರುವವರು ಒಂದು ಉಪಾಯ ಮಾಡಬಹುದು. 100 ಓಮ್ ಡ್ರೈವರಿನ ಮುಂದೆ 220 ಓಮ್ ರೆಸಿಸ್ಟರ್ ಇಟ್ಟು, ಆ ರೆಸಿಸ್ಟರಿಗೆ ಅಡ್ಡಲಾಗಿ 4.7 ಮೈಕ್ರೋಫ್ಯಾರಡ್‌ನ, ಧನ ಋಣ ಭೇದವಿಲ್ಲದ ಕೆಪಾಸಿಟರ್ ಬೆಸೆಯಿರಿ. 200 ಹರ್ಟ್ಸ್‌ನ ಸದ್ದು ಆರೇಳು ಡೆಸಿಬೆಲ್ ಇಳಿಯುತ್ತದೆ. ಸಾವಿರದ್ದು ಒಂದು ಡೆಸಿಬೆಲ್ ಕೂಡ ಇಳಿಯುವುದಿಲ್ಲ. ಕಬ್ಬಿಣದ ಗೊರಗೊರ ಹಿಂದೆ ಸರಿದು, ಏರು ದನಿ ಮುಂದೆ ಬಂದಂತಾಗುತ್ತದೆ. 60 ಓಮ್ ಡ್ರೈವರಾದರೆ 130 ಓಮ್ ಮತ್ತು 8 ಮೈಕ್ರೋಫ್ಯಾರಡ್ ಸುತ್ತಮುತ್ತ ಹಾಕಿ. ಪಾಟ್ ತುಂಬಾ ಇಳಿಸಿಟ್ಟರೆ ಇದರ ಪರಿಣಾಮ ಕಡಿಮೆಯಾಗುತ್ತದೆ. ಹಾಗಾಗಿ ಇದು ಮಂದ ಕಿವಿಯ ಬದಿಗೇ ಸರಿ.

ನೆಲಕ್ಕೆ ಇಳಿಯುವ ಮೊದಲು ಪರೀಕ್ಷೆ

ಮಲ್ಟಿಮೀಟರ್‌ನಲ್ಲಿ ಟಿಪ್‌ಗೂ ಸ್ಲೀವ್‌ಗೂ ನಡುವೆ ಅಳೆಯಿರಿ. ಎರಡೂ ಪಾಟ್ ಪೂರ್ತಿ ಬಿಟ್ಟಾಗ, 60 ಓಮ್ ಡ್ರೈವರ್‌ಗಳಾದರೆ, 47ಕ್ಕೆ 30 ಸೇರಿ 77ರ ಹತ್ತಿರ ಬರಬೇಕು. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಡಿಟೆಕ್ಟರಿಗೆ ಚುಚ್ಚಲೇಬೇಡಿ.

ಆಮೇಲೆ ಮೊಳೆ ಇಲ್ಲದ ಮರದ ಮೇಜಿನ ಮೇಲೆ ಡಿಟೆಕ್ಟರ್ ಮಲಗಿಸಿ, ಕಾಯಿಲ್ ಪಕ್ಕ ಮರದ ಅಳತೆಕೋಲು ಇಡಿ. ಹೆಡ್‌ಫೋನನ್ನು ಕಾಯಿಲ್ ಹತ್ತಿರ ಇಡಬೇಡಿ, ಅದರೊಳಗಿನ ಅಯಸ್ಕಾಂತವನ್ನೂ ಡಿಟೆಕ್ಟರ್ ಹಿಡಿಯುತ್ತದೆ. ನೀವು ಬೆನ್ನು ತಿರುಗಿಸಿ ಕೂತುಕೊಳ್ಳಿ. ಮನೆಯವರೊಬ್ಬರು ದೂರದಿಂದ ನಾಣ್ಯ ಆಡಿಸುತ್ತಾ ಮೆಲ್ಲಗೆ ಹತ್ತಿರ ತರಲಿ. ಸದ್ದು ಕೇಳಿದ ಕ್ಷಣ ಕೈ ಎತ್ತಿ, ಅವರು ಅಳತೆ ಬರೆದುಕೊಳ್ಳಲಿ. ನಡುನಡುವೆ ನಾಣ್ಯ ತರದೆಯೂ ಸುಮ್ನೆ ಕೂರಲಿ, ಆಗಲೂ ನೀವು ಕೈ ಎತ್ತಿದರೆ ಆಸೆಯೇ ಕಿವಿಯಾಗಿದೆ ಅಂತ ಅರ್ಥ. ಹತ್ತು ಸಲ ಹಳೇ ಹೆಡ್‌ಫೋನ್, ಹತ್ತು ಸಲ ಹೊಸದು. ಫ್ಯಾನ್ ಹಾಕಿಕೊಂಡು ಇನ್ನೊಮ್ಮೆ ಮಾಡಿ. ಒಂದು ಸೆಂಟಿಮೀಟರ್ ಒಳಗಿನ ವ್ಯತ್ಯಾಸವನ್ನು ಲೆಕ್ಕಕ್ಕಿಡಬೇಡಿ. ನಿಶ್ಶಬ್ದ ಕೋಣೆಯಲ್ಲಿ ಎರಡೂ ಸಮ ಬಂದು, ಫ್ಯಾನ್ ಹಾಕಿದಾಗ ಹೊಸದು ಗೆದ್ದರೆ ಇಯರ್‌ಮಫ್ ಕೆಲಸ ಮಾಡಿದೆ.

ಕೊನೆಗೆ ವಾಲ್ಯೂಮ್. ನಾಣ್ಯವನ್ನು ಕಾಯಿಲ್‌ಗೆ ತಾಗಿಸಿ ಹಿಡಿದಾಗ ಬರುವ ಸದ್ದು ಮುಖ ಹಿಂಡುವಷ್ಟು ಇರಬಾರದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಕೆಲಸದ ಜಾಗಗಳಲ್ಲಿ ಹಾಕುವ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ, 100 ಡೆಸಿಬೆಲ್‌ನಲ್ಲಿ 15 ನಿಮಿಷ ಅಷ್ಟೇ. ದಿನದ ಹುಡುಕಾಟ ಮುಗಿಸಿ ಹೆಡ್‌ಫೋನ್ ತೆಗೆದಾಗ ಕಿವಿ ಗುಯ್‌ಗುಟ್ಟಿದರೆ ಮುಂದಿನ ಸಲ ಇಳಿಸಿ. ಸರಿಯಾದ ಜಾಗ ಸಿಕ್ಕ ಮೇಲೆ ಎರಡೂ ಗುಂಡಿಗಳ ಮೇಲೆ, ಕಪ್ಪಿನ ಮೇಲೆ ನೇಲ್ ಪಾಲಿಶ್‌ನಲ್ಲಿ ಒಂದೊಂದು ಚುಕ್ಕಿ ಇಡಿ. ಚೀಲದೊಳಗೆ ಗುಂಡಿ ತಿರುಗಿಹೋಗುತ್ತಲೇ ಇರುತ್ತದೆ. ಚುಕ್ಕಿಗೆ ಚುಕ್ಕಿ ಸೇರಿಸಿಕೊಂಡರೆ ಮತ್ತೆ ಮೊದಲಿಂದ ಹೊಂದಿಸುವ ಕೆಲಸ ಇರುವುದಿಲ್ಲ.